ದೀಪವಿಲ್ಲದ ಊರಿಗೂ ಒಬ್ಬ ಮೇಯರ್

ಮೂವತ್ತಮೂರು ಅಡಿಯ ಸರಪಳಿ ಹಿಡಿದು ಮೂವತ್ನಾಲ್ಕು ವರ್ಷ ಹೊಲ ಅಳೆದವನು ನಾನು. ಸರಪಳಿಗೆ ಹದಿನಾರು ಆಣೆ, ಸರಪಳಿ ಉದ್ದ ಸರಪಳಿ ಅಗಲ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳುತ್ತೇನೆ. ಸರ್ವೆ ಇಲಾಖೆಯಿಂದ ನಿವೃತ್ತನಾಗಿ ಮಗಳ ಮನೆಗೆಂದು ಫ್ರಾನ್ಸಿನ ನಾಂತ್ ಊರಿಗೆ ಹೋದಾಗಲೂ ಹಳೇ ಚಾಳಿ ಬಿಡಲಿಲ್ಲ. ಉಳಿದವರು ಐಫೆಲ್ ಗೋಪುರ ನೋಡುತ್ತಾರೆ, ನಾನು ಊರು ಎಲ್ಲಿ ಮುಗಿಯುತ್ತದೆ ಎಂದು ನೋಡುತ್ತೇನೆ. ಅಲ್ಲಿ ಊರು ಶುರುವಾಗುವ ಕಡೆ ಕೆಂಪಂಚಿನ ಬಿಳಿ ಹಲಗೆ ಇರುತ್ತದೆ. ಮುಗಿಯುವ ಕಡೆ ಅದೇ ಹೆಸರಿನ ಮೇಲೆ ಒಂದು ಕೆಂಪು ಅಡ್ಡಗೆರೆ. ಗಡಿ ಇಷ್ಟು ಸುಲಭವೇ ಎಂದು ಖುಷಿಪಟ್ಟಿದ್ದೆ. ಆಮೇಲೆ ತಿಳಿಯಿತು, ಅದು ಮನೆಗಳಿರುವ ಜಾಗದ ಗುರುತು ಮಾತ್ರ, ಊರಿನ ಹದ್ದು ಇನ್ನೂ ಆಚೆ ಎಲ್ಲೋ ಹೊಲದ ನಡುವೆ ಇರುತ್ತದೆ. ಗಾಂವಠಾಣವೇ ಬೇರೆ, ಗ್ರಾಮದ ಹದ್ದೇ ಬೇರೆ. ಅತ್ತ ಹೋದರೂ ಇದೇ ಪಾಠ.

ನನ್ನ ಊರು ಅಥಣಿ ತಾಲೂಕಿನದು. ಜಿಲ್ಲಾಕೇಂದ್ರ ಬೆಳಗಾವಿಗೆ ಸುಮಾರು ನೂರಾ ನಲವತ್ತು ಕಿಲೋಮೀಟರ್. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಒಂದೇ ಬೀಸಿಗೆ ಏಳು ಹೊಸ ಜಿಲ್ಲೆ ಮಾಡಿದಾಗ ಚಿಕ್ಕೋಡಿಯ ಹೆಸರೂ ಬಂದು, ಬಂದ ಹಾಗೆಯೇ ಹೋಯಿತು. ಅಂದಿನಿಂದ ನಮ್ಮ ಕಡೆ ಚಹಾದಂಗಡಿಗೆ ಒಬ್ಬನಂತೆ ನಕ್ಷೆ ತಜ್ಞರಿದ್ದಾರೆ. ಒಡೆಯಬೇಕು ಎನ್ನುವವರದು ಒಂದು ಗುಂಪು, ಒಡೆದರೆ ಖರ್ಚು ಎನ್ನುವವರದು ಇನ್ನೊಂದು. ಎರಡೂ ಗುಂಪು ನಕ್ಷೆಯನ್ನು ಗೋಡೆಗೆ ತೂಗುಹಾಕಿ ಮೇಲಿನಿಂದಲೇ ನೋಡುತ್ತವೆ ಎಂಬುದು ನನ್ನ ತಕರಾರು. ಇದೇ ಜಗಳವನ್ನು ಫ್ರಾನ್ಸ್ 1789ರಿಂದ ಆಡುತ್ತಿದೆ. ಅಲ್ಲಿ ಕಂಡದ್ದನ್ನು ಹೇಳುವುದು ನನ್ನ ಉದ್ದೇಶ.

ಫ್ರಾನ್ಸ್ ನಮ್ಮ ಹಾಗೆ ರಾಜ್ಯಗಳ ಒಕ್ಕೂಟವಲ್ಲ, ಏಕಾತ್ಮಕ ದೇಶ. ಗಣರಾಜ್ಯ ಅವಿಭಾಜ್ಯ ಎಂದು ಅದರ ಸಂವಿಧಾನದ ಮೊದಲ ವಿಧಿಯೇ ಹೇಳುತ್ತದೆ. ಆಡಳಿತ ವಿಕೇಂದ್ರೀಕೃತ ಎಂಬ ಮಾತನ್ನು ಅದರ ಪಕ್ಕದಲ್ಲೇ ಸೇರಿಸಿದ್ದು 2003ರಲ್ಲಿ. ಕಾನೂನು ಹುಟ್ಟುವುದು ಪ್ಯಾರಿಸಿನಲ್ಲಿ ಮಾತ್ರ, ನಡುವೆ ಬೆಂಗಳೂರಿನಂಥದ್ದು ಇಲ್ಲ. ಆದರೂ ದೇಶವನ್ನು ಕೊಯ್ದಿದ್ದಾರೆ: 18 ಪ್ರಾಂತ್ಯ, 101 ಜಿಲ್ಲೆ, ಸುಮಾರು 35 ಸಾವಿರ ಕಮ್ಯೂನು, ಅಂದರೆ ಊರು. ಜಿಲ್ಲೆಗೆ ಅವರು ಹೇಳುವುದು ಡಿಪಾರ್ಟ್‌ಮೆಂಟ್ ಎಂದು. ನಮಗೆ ಆ ಶಬ್ದ ಕೇಳಿದರೆ ಇಲಾಖೆಯೇ ಕಣ್ಣಮುಂದೆ ಬರುತ್ತದಾದ್ದರಿಂದ ನಾನು ಜಿಲ್ಲೆ ಎಂದೇ ಬರೆಯುತ್ತೇನೆ. ಪ್ರತಿ ಜಿಲ್ಲೆಗೆ ಪ್ಯಾರಿಸ್ ನೇಮಿಸಿದ ಪ್ರಿಫೆಕ್ಟ್ ಇರುತ್ತಾನೆ. 1800ರಲ್ಲಿ ನೆಪೋಲಿಯನ್ ಸೃಷ್ಟಿಸಿದ ಹುದ್ದೆ ಅದು, ನಮ್ಮ ಡಿಸಿ ಸಾಹೇಬರಿಗೆ ದೂರದ ದಾಯಾದಿ ಎನ್ನಬಹುದು.

ಈ ಜಿಲ್ಲೆಗಳು ಹುಟ್ಟಿದ ಕತೆ ಸರ್ವೆಯವನಿಗೆ ಹಬ್ಬ. ಕ್ರಾಂತಿಯ ವರ್ಷ, 1789ರ ಸೆಪ್ಟೆಂಬರಿನಲ್ಲಿ, ರುವಾಂ ಊರಿನ ವಕೀಲ ಥೂರೆ ಎಂಬಾತ ರಾಷ್ಟ್ರೀಯ ಸಭೆಯ ಮುಂದೆ ಒಂದು ಯೋಜನೆ ಇಟ್ಟ. ಇಡೀ ದೇಶವನ್ನು 18 ಹರದಾರಿ ಉದ್ದ 18 ಹರದಾರಿ ಅಗಲದ ಚೌಕಗಳಾಗಿ ಕತ್ತರಿಸುವುದು, ಅಂಥ 80 ಚೌಕ, ಮೇಲೆ ಪ್ಯಾರಿಸ್ ಒಂದು. ಅವರ ಹರದಾರಿ ಎಂದರೆ ನಾಲ್ಕು ಕಿಲೋಮೀಟರಿನ ಮೇಲಷ್ಟು. ಪ್ರತಿ ಚೌಕದೊಳಗೆ ಒಂಬತ್ತು ಮರಿ ಚೌಕ. ಹೊಲದಲ್ಲಿ ಪೋಡಿ ಮಾಡಿದವನಿಗೆ ಇದು ಓದಿದ ಕೂಡಲೇ ನಗು ಬರುತ್ತದೆ. ನದಿ ಚೌಕಾಕಾರವಾಗಿ ಹರಿಯುವುದಿಲ್ಲ, ಅಣ್ಣತಮ್ಮಂದಿರ ಜಗಳವೂ ಚೌಕಾಕಾರವಾಗಿರುವುದಿಲ್ಲ. ಸಭೆಯಲ್ಲಿ ಮಿರಾಬೋ ಎಂಬ ಸದಸ್ಯ ಎದ್ದು ವಿರೋಧಿಸಿದ. ನೆಲ ಅಳೆಯಬೇಡಿ, ಜನ ಅಳೆಯಿರಿ ಎಂಬುದು ಅವನ ವಾದದ ತಿರುಳು. ಅವನ ಲೆಕ್ಕಕ್ಕೆ 120 ಜಿಲ್ಲೆ ಬೇಕಿತ್ತು. ಕೊನೆಗೆ 1790ರಲ್ಲಿ ಆದದ್ದು 83. ಗೆರೆಗಳು ಚೌಕ ಬಿಟ್ಟು ಹಳೆಯ ನಾಡುಗಳ ಅಂಚಿಗೇ ಒರಗಿದವು: ಬ್ರಿಟನಿ ಎಂಬ ನಾಡಿನೊಳಗೆ ಐದು, ನಾರ್ಮಂಡಿಯೊಳಗೆ ಐದು. ಥೂರೆಯ ತಲೆ ನಾಲ್ಕು ವರ್ಷ ಕಳೆದು ಗಿಲೊಟಿನ್ನಿಗೆ ಹೋಯಿತು. ಕಾರಣ ಈ ಚೌಕಗಳಲ್ಲ, ಆ ಕಾಲ ಹಾಗಿತ್ತು.

ಆ ಎಲ್ಲ ಲೆಕ್ಕದಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದೇ ಅಳತೆ. ಜಿಲ್ಲೆಯ ಯಾವ ಮೂಲೆಯ ರೈತನಾದರೂ ಕುದುರೆಯೇರಿ ಒಂದು ದಿನದೊಳಗೆ ಜಿಲ್ಲಾಕೇಂದ್ರ ಮುಟ್ಟಬೇಕು ಎಂಬುದು ಆಗ ಜನ ಒಪ್ಪಿಕೊಂಡ ಮಾತಾಗಿತ್ತು. ಇಲ್ಲಿ ಕಚೇರಿಯವನ ಅನುಕೂಲವಲ್ಲ, ಅರ್ಜಿ ಹಿಡಿದು ಬರುವವನ ಕಾಲು ಅಳತೆಗೋಲು. ನಾನು ಕೆಲಸ ಮಾಡಿದ ಒಂದು ಜಿಲ್ಲೆಯಲ್ಲಿ, ಯಾವುದೆಂದು ಬೇಡ, ಹೊಳೆದಂಡೆಯ ಒಬ್ಬ ಅಜ್ಜ ಹದ್ದುಬಸ್ತಿನ ಮೇಲ್ಮನವಿಗೆಂದು ಬೆಳಗಿನ ಮೊದಲ ಬಸ್ಸು ಹಿಡಿದು ಬಂದಿದ್ದ. ‘ಸಾಹೇಬರು ಮೀಟಿಂಗಿನ್ಯಾಗ ಅದಾರ, ನಾಳೆ ಬಾ’ ಎಂದರು. ಅವನು ಬಸ್‌ಸ್ಟ್ಯಾಂಡಿನಲ್ಲೇ ಮಲಗಿದ. ನಾಳೆಯೂ ಮೀಟಿಂಗ್ ಇತ್ತು. ಅವನ ಆ ಎರಡು ದಿನವನ್ನು ಯಾವ ಸರ್ಕಾರದ ಖರ್ಚಿನ ಪಟ್ಟಿಯಲ್ಲೂ ನಾನು ಕಂಡಿಲ್ಲ.

ಫ್ರೆಂಚರು ಜಿಲ್ಲೆಗಳಿಗೆ ಬೇಕೆಂದೇ ರಾಜರ ಕಾಲದ ಹೆಸರು ಇಡಲಿಲ್ಲ. ನದಿ, ಬೆಟ್ಟ, ಕಡಲಂಚು ನೋಡಿ ಇಟ್ಟರು. ಬುದ್ಧಿವಂತಿಕೆಯೇ, ಆದರೆ ಹೆಸರಿನೊಳಗೆ ಮುಳ್ಳು ಉಳಿಯಿತು. ನಾಂತ್ ಇರುವ ಜಿಲ್ಲೆಗೆ ‘ಕೆಳ ಲ್ವಾರ್’ ಎಂದು ಹೆಸರಿಟ್ಟಿದ್ದರು. ಲ್ವಾರ್ ನದಿಯ ಕೆಳಪಾತ್ರ ಎಂಬ ಅರ್ಥ, ಆದರೆ ಫ್ರೆಂಚಿನಲ್ಲಿ ಆ ‘ಕೆಳ’ ಎಂಬ ಶಬ್ದಕ್ಕೆ ಕೀಳು ಎಂಬ ಧ್ವನಿಯೂ ಇದೆ. 1957ರಲ್ಲಿ ಅದನ್ನು ಅಟ್ಲಾಂಟಿಕ್ ಲ್ವಾರ್ ಮಾಡಿಸಿಕೊಂಡರು. ಇನ್ನೂ ಕೆಲವು ಜಿಲ್ಲೆಗಳು ಹೀಗೆಯೇ ಕೀಳು ಹೋಗಿ ಕಡಲು ಬಂದವು.

ಜಿಲ್ಲೆಗಳಿಗೆ ಅಕ್ಷರಮಾಲೆಯ ಪ್ರಕಾರ ನಂಬರೂ ಇದೆ, ನಾಂತ್‌ನದು 44. ಪಿನ್‌ಕೋಡಿನ ಮೊದಲ ಎರಡಂಕಿ ಅದೇ, ಕಾರಿನ ಹಲಗೆಯ ಮೇಲೂ ಅದೇ. 2009ರಲ್ಲಿ ಹೊಸ ಮಾದರಿಯ ನಂಬರ್ ಹಲಗೆ ತರುವಾಗ ಜಿಲ್ಲೆಯ ಅಂಕಿ ತೆಗೆಯಲು ಸರ್ಕಾರ ಹೊರಟಿತು. ಜನ, ಸಂಸದರು ಗದ್ದಲ ಎಬ್ಬಿಸಿದರು. ಕೊನೆಗೆ ರಾಜಿಯಾಯಿತು: ಅಂಕಿ ಇರಲಿ, ಎಲ್ಲಿ ವಾಸವಿದ್ದರೂ ತನಗೆ ಇಷ್ಟವಾದ ಜಿಲ್ಲೆಯ ಅಂಕಿ ಹಾಕಿಕೊಳ್ಳಲಿ. ಪ್ಯಾರಿಸಿನಲ್ಲಿ ಇಪ್ಪತ್ತು ವರ್ಷ ಕಳೆದವನು ಅಜ್ಜಿಯ ಊರಿನ ಅಂಕಿ ಅಂಟಿಸಿಕೊಂಡು ಓಡಾಡುತ್ತಾನೆ. ಕೆಎ 23 ನೋಡಿದರೆ ನನಗೂ ಎದೆ ಒಂದು ಗೇಣು ಉಬ್ಬುತ್ತದಲ್ಲ, ಹಾಗೆಯೇ.

ಯಾರ ಕೈಯಲ್ಲಿ ಏನಿದೆ ಎಂದು ನನಗೆ ತಿಳಿದದ್ದು ಮೊಮ್ಮಗಳ ಶಾಲೆಯಿಂದ. ಅವಳಿರುವ ಪುಟ್ಟ ಮಕ್ಕಳ ಶಾಲೆಯ ಕಟ್ಟಡ ಕಮ್ಯೂನಿನದು. ಹನ್ನೊಂದು ವರ್ಷ ತುಂಬಿ ಮಾಧ್ಯಮಿಕ ಶಾಲೆಗೆ ಹೋದರೆ ಆ ಕಟ್ಟಡ ಜಿಲ್ಲೆಯದು. ಹದಿನೈದಕ್ಕೆ ಹೈಸ್ಕೂಲು, ಅದು ಪ್ರಾಂತ್ಯದ್ದು. ಕಲಿಸುವ ಟೀಚರಿಗೆ ಸಂಬಳ ಮಾತ್ರ ಎಲ್ಲ ಕಡೆಯೂ ಪ್ಯಾರಿಸಿನಿಂದ. ‘ಹಂಗಾರ ಸೋರೋ ಮಾಳಿಗಿಗೆ ಯಾರನ್ನ ಕೇಳೋದು?’ ಎಂದೆ. ಅಳಿಯ ನಕ್ಕರು. ‘ಮಾಮಾರ, ಮಗಳ ವಯಸ್ಸೆಷ್ಟು ಅಂತ ನೋಡಿ ಕೇಳೋದ್ರೀ.’ ತಮಾಷೆಯಾಗಿ ಹೇಳಿದರೂ, ಯಾವ ಕೆಲಸಕ್ಕೆ ಯಾವ ಬಾಗಿಲು ಬಡಿಯಬೇಕೆಂದು ಅಲ್ಲಿನ ತಂದೆತಾಯಿಗೆ ಗೊತ್ತು. ನಮ್ಮಲ್ಲಿ ಅದು ಸಿಬ್ಬಂದಿಗೇ ಗೊತ್ತಿರುವುದಿಲ್ಲ.

ಪ್ರಾಂತ್ಯದ ಕತೆ ಇಷ್ಟು ಸಲೀಸಲ್ಲ. ಪ್ರಾಂತ್ಯಗಳಿಗೆ ಅಧಿಕಾರ ಕೊಡುವ, ಜೊತೆಗೆ ಸೆನೆಟ್ ಬದಲಿಸುವ ಪ್ರಶ್ನೆಯನ್ನು ಅಧ್ಯಕ್ಷ ದ ಗಾಲ್ 1969ರ ಏಪ್ರಿಲ್ 27ರಂದು ಜನರ ಮತಕ್ಕೆ ಹಾಕಿದ. ನೂರಕ್ಕೆ 52ಕ್ಕಿಂತ ಹೆಚ್ಚು ಮತ ‘ಬೇಡ’ ಎಂದವು. ಮರುದಿನವೇ ಅವನು ಕುರ್ಚಿ ಬಿಟ್ಟು ಮನೆಗೆ ನಡೆದ. ಪ್ರಾಂತ್ಯಗಳಿಗೆ ನಿಜವಾದ ಜೀವ ಬಂದದ್ದು 1982ರ ವಿಕೇಂದ್ರೀಕರಣದ ಕಾನೂನಿನಿಂದ. ಜನ ನೇರವಾಗಿ ಪ್ರಾಂತ್ಯ ಮಂಡಳಿ ಆರಿಸಿದ್ದು 1986ರಲ್ಲಿ. ಆಮೇಲೆ 2014ರಲ್ಲಿ ಅಧ್ಯಕ್ಷ ಹೊಲ್ಲಾಂದ್, ಮುಖ್ಯ ಭೂಭಾಗದ 22 ಪ್ರಾಂತ್ಯ ಹೆಚ್ಚಾದವು, ಖರ್ಚು ಉಳಿಸೋಣ ಎಂದು ಕೂಡಿಸಲು ಹೊರಟ. ಮೊದಲು 14 ಎಂದರು, ಸಂಸತ್ತಿನಲ್ಲಿ ಎಳೆದಾಡಿ 13 ಆಯಿತು. 2016ರ ಜನವರಿಯಿಂದ ಜಾರಿ. ಬೋರ್ಡೊ ರಾಜಧಾನಿಯಾದ ಹೊಸ ಪ್ರಾಂತ್ಯ ಆಸ್ಟ್ರಿಯಾ ದೇಶಕ್ಕಿಂತ ಒಂದು ಗೇಣು ದೊಡ್ಡದು. ಇನ್ನೊಂದಕ್ಕೆ ಹೆಸರೇ ಸಿಗದೆ ‘ಮಹಾ ಪೂರ್ವ’ ಎಂದಿಟ್ಟರು. ದಿಕ್ಕು ಒಂದು ಊರಾಗುತ್ತದೆಯೇ? ಅದರೊಳಗೆ ಅಲ್ಸಾಸ್ ಸೇರಿತು. 2013ರಲ್ಲಿ ತಮ್ಮ ಎರಡು ಜಿಲ್ಲೆ ಒಂದಾಗಲಿ ಎಂಬ ಮತದಾನವನ್ನು ಗೆಲ್ಲಿಸದ ಅಲ್ಸಾಸಿನ ಜನ, ದೊಡ್ಡ ಪ್ರಾಂತ್ಯದಲ್ಲಿ ಕರಗಿದ ಮೇಲೆ ಗೋಗರೆದರು. 2021ರಲ್ಲಿ ಆ ಎರಡು ಜಿಲ್ಲಾ ಮಂಡಳಿಗಳನ್ನು ಸೇರಿಸಿ ‘ಅಲ್ಸಾಸ್’ ಹೆಸರು ಮರಳಿ ಕೊಡಬೇಕಾಯಿತು. ಖರ್ಚು ಉಳಿಯಿತೇ? ಕೂಡಿಕೆಯಿಂದ ತಕ್ಷಣಕ್ಕೆ ಉಳಿತಾಯಕ್ಕಿಂತ ವೆಚ್ಚವೇ ಹೆಚ್ಚಾಯಿತು ಎಂದು ಅಲ್ಲಿನ ಲೆಕ್ಕಪರಿಶೋಧನಾ ನ್ಯಾಯಾಲಯ 2019ರಲ್ಲಿ ಬರೆಯಿತು. ಜಿಲ್ಲಾ ಮಂಡಳಿಗಳನ್ನೇ 2021ರೊಳಗೆ ರದ್ದು ಮಾಡುತ್ತೇವೆ ಎಂದು 2014ರಲ್ಲಿ ಪ್ರಧಾನಿ ವಾಲ್ಸ್ ಘೋಷಿಸಿದ್ದರು. 2021 ಕಳೆಯಿತು, ಮಂಡಳಿಗಳು ಇದ್ದಲ್ಲೇ ಇವೆ.

ನಾಂತ್‌ನದೇ ಒಂದು ಹಳೇ ಗಾಯ. ಊರ ನಡುವೆ ಬ್ರಿಟನಿಯ ದೊರೆಗಳ ಕೋಟೆ, 1477ರಲ್ಲಿ ಬ್ರಿಟನಿಯ ದೊರೆಸಾನಿ ಆ್ಯನ್ ಹುಟ್ಟಿದ ಜಾಗ. ಆದರೆ ಇಂದಿನ ಬ್ರಿಟನಿ ಪ್ರಾಂತ್ಯದಲ್ಲಿ ನಾಂತ್ ಇಲ್ಲ. 1941ರಲ್ಲಿ ಯುದ್ಧಕಾಲದ ವಿಶಿ ಸರ್ಕಾರ ಅದನ್ನು ಬೇರೆಡೆಗೆ ಸೇರಿಸಿತು, 1956ರಲ್ಲಿ ಯೋಜನೆಯ ಅನುಕೂಲಕ್ಕೆ ಪ್ರಾಂತ್ಯದ ಗೆರೆ ಎಳೆದಾಗಲೂ ಹೊರಗೇ ಉಳಿಸಿದರು. ಮತ್ತೆ ಸೇರಿಸಿ ಎಂದು 2018ರ ಹೊತ್ತಿಗೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಕೆಲವರು ಕಾರಿನ ಹಲಗೆಯ ಮೇಲಿನ ಪ್ರಾಂತ್ಯದ ಗುರುತಿನ ಮೇಲೆ ಬ್ರಿಟನಿಯ ಕಪ್ಪು ಬಿಳಿ ಬಾವುಟದ ಚೀಟಿ ಅಂಟಿಸುತ್ತಾರೆ. ‘ನಿಮ್ಮ ಅಭಿಪ್ರಾಯ ಏನ್ರೀ’ ಎಂದು ಅಳಿಯನ ಸ್ನೇಹಿತರೊಬ್ಬರು ಕೇಳಿದರು. ಗಡಿ ತಾಲೂಕಿನವನು ನಾನು. ಚಹಾ ಕುಡಿದೆ, ಬಾಯಿ ಬಿಡಲಿಲ್ಲ.

ಈ ಎಲ್ಲ ಕೂಡಿಸು ಕಳೆಯುವಿಕೆಯ ನಡುವೆ ಯಾರಿಂದಲೂ ಅಳಿಸಲಾಗದೆ ನಿಂತದ್ದು ಕಮ್ಯೂನ್. ಹೆಚ್ಚಿನವು ಒಂದೊಂದು ಚರ್ಚಿಗೆ ಸೇರಿದ ಹಳೇ ಊರುಗಳು. 1789ರ ಡಿಸೆಂಬರಿನ ಕಾನೂನು ಪ್ರತಿಯೊಂದಕ್ಕೂ ಒಂದು ಮಂಡಳಿ ಕೊಟ್ಟಿತು. ಇಂದಿಗೂ ಅರ್ಧಕ್ಕಿಂತ ಹೆಚ್ಚು ಕಮ್ಯೂನುಗಳಲ್ಲಿ ಐನೂರು ಜನರೂ ಇಲ್ಲ. ನೂರು ಜನರಿಲ್ಲದ ಊರಿಗೂ ಏಳು ಸದಸ್ಯರ ಮಂಡಳಿ, ಅವರೊಳಗೇ ಒಬ್ಬ ಮೇಯರ್.

ಮಗಳು ಒಂದು ದಿನ ನಾಂತ್‌ನಿಂದ ದೂರದ ಅಂಥ ಊರೊಂದಕ್ಕೆ ಕರೆದೊಯ್ದಳು, ಅವಳ ಗೆಳತಿಯ ತಾಯಿ ಅಲ್ಲಿನ ಮೇಯರ್. ನಿವೃತ್ತ ನರ್ಸು. ಮೇಯರ್ ಕಚೇರಿಯೂ ಶಾಲೆಯೂ ಒಂದೇ ಕಟ್ಟಡದಲ್ಲಿ, ನಡುವೆ ಗೋಡೆ ಮಾತ್ರ. ಕಚೇರಿ ವಾರಕ್ಕೆ ಮೂರು ಬೆಳಗು ತೆರೆದಿರುತ್ತದೆ. ಮದುವೆ ಅಲ್ಲೇ ಆಗಬೇಕು. ಚರ್ಚಿನಲ್ಲಿ ಆಗುವುದಿದ್ದರೂ ಮೊದಲು ಮೇಯರ್ ಮುಂದೆ ಸಹಿ, ಆಮೇಲೆ ಗಂಟೆ. ಹುಟ್ಟು ಸಾವಿನ ದಾಖಲೆ, ಮತದಾರರ ಪಟ್ಟಿ ಎಲ್ಲ ಆ ಎರಡು ಕೋಣೆಯೊಳಗೆ. ನಾನು ಸರ್ವೆಯವನು ಎಂದು ಮಗಳು ಹೇಳಿದ್ದೇ ತಡ, ಆಕೆ ಬೀರುವಿನಿಂದ ಹಳೇ ನಕ್ಷೆಯ ಪ್ರತಿ ತೆಗೆದು ಮೇಜಿನ ಮೇಲೆ ಹರಡಿದರು.

1807ರಲ್ಲಿ ನೆಪೋಲಿಯನ್ ದೇಶದ ಪ್ರತಿ ತುಂಡು ಹೊಲವನ್ನೂ ಅಳೆಯಲು ಹೊರಡಿಸಿದ ಕಾನೂನಿನ ಫಲ ಅದು. ಕಂದಾಯಕ್ಕಾಗಿ ಮಾಡಿದ ಮೋಜಣಿ. ನಮ್ಮ ಮುಂಬೈ ಪ್ರಾಂತ್ಯದಲ್ಲಿ 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಶುರುಮಾಡಿದ್ದು ಇದೇ ಜಾತಿಯ ಕೆಲಸ. ಅ, ಆ ಎಂದು ನಾವು ವಿಂಗಡಿಸುವ ಹಾಗೆ ಎ, ಬಿ, ಸಿ ಹಾಳೆಗಳು, ಪ್ರತಿ ಹೊಲಕ್ಕೆ ನಂಬರು. ಮೊದಲು ಊರಿನ ಹದ್ದು ಗುರುತಿಸುತ್ತಿದ್ದರು. ಸರ್ವೆಯವನು ಗಡಿಯುದ್ದಕ್ಕೂ ನಡೆಯುತ್ತಿದ್ದ, ಜೊತೆಗೆ ಈ ಊರಿನ ಮೇಯರ್, ಪಕ್ಕದೂರಿನ ಮೇಯರ್. ಕೊನೆಗೆ ಎಲ್ಲರೂ ಸಹಿ ಹಾಕುವ ಒಂದು ಪಂಚನಾಮೆ. ನಾನು ಆ ಗೆರೆಯ ಮೇಲೆ ಬೆರಳಿಟ್ಟು ನಡೆಸಿದೆ. ಹಳ್ಳ, ಬೇಲಿ, ಒಂದು ಓಕ್ ಮರ. ನಾವಾದರೆ ಹುಣಸೇಮರ ಬರೆಯುತ್ತಿದ್ದೆವು. ಕೈ ಅದೇ, ಮಸಿ ಅದೇ. ಕಣ್ಣು ಮಂಜಾದದ್ದನ್ನು ಮಗಳು ನೋಡಿದಳು, ಏನೂ ಹೇಳಲಿಲ್ಲ.

ಸಣ್ಣದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಇನ್ನೂರು ಜನರ ಊರು ಕುಡಿಯುವ ನೀರಿನ ಪೈಪು ಹಾಕಿಸಿಕೊಳ್ಳಲಾರದು, ಕಸದ ಲಾರಿ ಕೊಳ್ಳಲಾರದು. ಸಣ್ಣ ಊರಿನಲ್ಲಿ ಮೇಯರನ ಭಾವಮೈದುನನಿಗೆ ಮನೆ ಕಟ್ಟುವ ಪರವಾನಗಿ ಬೇಗ ಸಿಕ್ಕೀತು, ಅದೂ ನಿಜ. ಅದಕ್ಕೆ ಅವರು ಕಂಡುಕೊಂಡ ದಾರಿ, ಊರುಗಳ ಕೂಟ. ಈಗ ಇಡೀ ದೇಶದಲ್ಲಿ ಸುಮಾರು 1,250 ಕೂಟಗಳಿವೆ, ಪ್ರತಿ ಕಮ್ಯೂನೂ ಯಾವುದಾದರೊಂದರಲ್ಲಿ ಇರಲೇಬೇಕು. ನೀರು, ಕಸದಂಥವು ಕೂಟಕ್ಕೆ. ಹೆಸರು, ಬಾಗಿಲು, ಮೇಯರ್ ಊರಿಗೆ. ಇದರಲ್ಲೂ ನೋವಿದೆ. ಜನ ಕಾಯಂ ವಾಸವಿರುವ ಮನೆಯ ಮೇಲೆ ಊರು ಹಾಕುತ್ತಿದ್ದ ವಾಸದ ತೆರಿಗೆಯನ್ನು ಸರ್ಕಾರ 2023ರ ಹೊತ್ತಿಗೆ ಪೂರ್ತಿ ತೆಗೆದುಹಾಕಿತು, ಕಮ್ಯೂನುಗಳು ಪ್ಯಾರಿಸ್ ಕೊಡುವ ಹಣದ ಕಡೆ ಮತ್ತಷ್ಟು ನೋಡುವಂತಾಯಿತು. ಕೀಲಿಕೈ ನನ್ನ ಹತ್ತಿರ, ಪೆಟ್ಟಿಗೆ ಅವರ ಹತ್ತಿರ ಎಂದು ಆ ನರ್ಸಮ್ಮ ನಕ್ಕರು. ಏಕಾತ್ಮಕ ದೇಶದಲ್ಲಿ ಹಗ್ಗದ ತುದಿ ರಾಜಧಾನಿಯಲ್ಲೇ ಇರುತ್ತದೆ. ಒಕ್ಕೂಟದಲ್ಲಿರುವ ನಮಗೂ ಇದು ಹೊಸದಲ್ಲ, ನಮ್ಮ ಪಂಚಾಯಿತಿ ಸದಸ್ಯರನ್ನು ಕೇಳಿ.

ಕರ್ನಾಟಕದ ಜನಸಂಖ್ಯೆಯೂ ಫ್ರಾನ್ಸಿನದೂ ಹೆಚ್ಚುಕಡಿಮೆ ಒಂದೇ ತೂಕದವು. ನಮ್ಮಲ್ಲಿ 29 ಸಾವಿರಕ್ಕೂ ಹೆಚ್ಚು ಕಂದಾಯ ಗ್ರಾಮಗಳಿವೆ. ಗ್ರಾಮ ಪಂಚಾಯಿತಿ ಮಾತ್ರ ಆರು ಸಾವಿರದ ಆಸುಪಾಸು, ಏಕೆಂದರೆ 1993ರ ಕಾಯ್ದೆ ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನಕ್ಕೆ ಒಂದು ಎಂದು ಲೆಕ್ಕ ಹಾಕಿತು. ನಾಲ್ಕೈದು ಊರು ಸೇರಿ ಒಂದು ಪಂಚಾಯಿತಿ, ಅದರ ಹೆಸರು ದೊಡ್ಡ ಊರಿನದು. ಸಣ್ಣ ಊರಿನವನು ಒಂದು ದಾಖಲೆಗೂ ಆ ದೊಡ್ಡ ಊರಿಗೆ ನಡೆಯಬೇಕು. ಹೊಸ ಜಿಲ್ಲೆ ಬೇಕು ಎಂದು ರಸ್ತೆ ತಡೆದಾಗ ನಾನೂ ಸಹಿ ಹಾಕಿದವನೇ, ಮುಂದೆಯೂ ಹಾಕುತ್ತೇನೆ. ಆದರೆ ಜಿಲ್ಲೆ ಒಡೆದರೆ ಹೊಸ ಕಚೇರಿಗಳು ಬರುತ್ತವೆ, ಬೋರ್ಡು ಬದಲಾಗುತ್ತದೆ, ಜಿಲ್ಲಾಕೇಂದ್ರದ ಸುತ್ತ ಸೈಟಿನ ಬೆಲೆ ಏರುತ್ತದೆ. ಊರಿಗೊಂದು ಬಾಗಿಲು ಮಾತ್ರ ಅದರಿಂದ ಬರುವುದಿಲ್ಲ. ನಾನು ಕೇಳುವುದು ತಲೆಕೆಳಗಿನ ಕ್ರಮ. ಮೊದಲು ಪ್ರತಿ ಕಂದಾಯ ಗ್ರಾಮಕ್ಕೂ ಅದರ ಹೆಸರಿನ ಒಂದು ಪುಟ್ಟ ಮಂಡಳಿ, ವಾರಕ್ಕೆ ಮೂರು ಬೆಳಗಾದರೂ ತೆರೆಯುವ ಒಂದು ಕೋಣೆ, ಸಹಿ ಹಾಕಬಲ್ಲ ಒಬ್ಬ ಮನುಷ್ಯ. ನೀರು, ಕಸ, ರಸ್ತೆಗೆ ಈಗಿನ ಪಂಚಾಯಿತಿ ಕೂಟವಾಗಿ ಇರಲಿ. ಜಿಲ್ಲೆಯ ಗೆರೆಯ ಮಾತು ಆಮೇಲೆ. ಇದಕ್ಕೂ ದುಡ್ಡು ಬೇಕು ಎನ್ನುತ್ತೀರಿ. ಅಜ್ಜ ಬಸ್‌ಸ್ಟ್ಯಾಂಡಿನಲ್ಲಿ ಕಳೆದ ಎರಡು ದಿನವನ್ನೂ ಲೆಕ್ಕದಲ್ಲಿ ಹಿಡಿಯಿರಿ, ಆಮೇಲೆ ನೋಡೋಣ.

ಕೊನೆಯ ವಾರ ಅಳಿಯಂದಿರು ರಜೆ ಹಾಕಿ ವೆರ್ಡನ್ ಕಡೆ ಕರೆದೊಯ್ದರು, ದೇಶದ ಆ ತುದಿಗೆ. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಅಲ್ಲಿನ ಒಂಬತ್ತು ಊರು ಪುಡಿಯಾದವು. ಆರು ಊರುಗಳನ್ನು ಮತ್ತೆ ಕಟ್ಟಲೇ ಇಲ್ಲ, ನೆಲದಲ್ಲಿ ಅಷ್ಟು ಗುಂಡು, ಅಷ್ಟು ಮೂಳೆ. ಒಬ್ಬ ನಿವಾಸಿಯೂ ಇಲ್ಲ. ಆದರೂ ಆ ಆರು ಊರು ಇಂದಿಗೂ ಕಮ್ಯೂನುಗಳೇ. ಮತ ಹಾಕುವವರಿಲ್ಲದ್ದರಿಂದ ಪ್ರಿಫೆಕ್ಟ್ ಪ್ರತಿ ಊರಿಗೆ ಮೂವರ ಮಂಡಳಿ ನೇಮಿಸುತ್ತಾನೆ, ಅದರಲ್ಲಿ ಒಬ್ಬ ಮೇಯರ್. ದೇಶಕ್ಕಾಗಿ ಸತ್ತ ಊರು ಎಂದು ಅವಕ್ಕೆ ಬಿರುದು.

ನಮ್ಮ ದಫ್ತರದಲ್ಲೂ ಇಂಥ ಊರುಗಳುಂಟು. ಪ್ಲೇಗೋ ಬರವೋ ಬಂದು ಜನ ಬಿಟ್ಟುಹೋದ ಊರಿಗೆ ನಾವು ಬೇಚರಾಕ್ ಎನ್ನುತ್ತೇವೆ, ಚಿರಾಗ್ ಇಲ್ಲದ್ದು, ದೀಪವಿಲ್ಲದ್ದು. ನಕ್ಷೆ ಇದೆ, ಸರ್ವೆ ನಂಬರಿದೆ, ಕಂದಾಯ ಬರುತ್ತದೆ. ನಾನು ಅಂಥ ಎಷ್ಟೋ ಊರಿನ ಬಾಂದುಕಲ್ಲು ತಡಕಿದ್ದೇನೆ. ಒಂದರಲ್ಲಿ ಬಿದ್ದ ಹನುಮಪ್ಪನ ಗುಡಿ, ಪಕ್ಕದೂರಿನ ಮುದುಕಿಯೊಬ್ಬಳು ಶನಿವಾರ ಬಂದು ಎಣ್ಣೆ ಹಾಕುತ್ತಿದ್ದಳು. ಅವಳನ್ನು ಯಾರೂ ನೇಮಿಸಿರಲಿಲ್ಲ.

ವೆರ್ಡನ್ ಕಡೆಯ ಆ ಆರರಲ್ಲಿ ನಾವು ನೋಡಿದ ಫ್ಲೂರಿ ಎಂಬ ಊರು 1916ರ ಬೇಸಿಗೆಯಲ್ಲಿ ಹದಿನಾರು ಸಲ ಕೈ ಬದಲಾಯಿಸಿತಂತೆ. ಈಗ ಕಾಡು, ಗುಂಡಿಬಿದ್ದ ಹಸಿರು ನೆಲ, ಒಂದು ಪುಟ್ಟ ಪ್ರಾರ್ಥನಾಮಂದಿರ. ಹಾದಿ ಇದ್ದಲ್ಲಿ ಕಾಲುದಾರಿ, ಪಕ್ಕದಲ್ಲಿ ಸಣ್ಣ ಗುರುತುಗಳು: ಇಲ್ಲಿ ಹೊಲಮನೆ, ಇಲ್ಲಿ ಬಟ್ಟೆ ಒಗೆಯುವ ಕಟ್ಟೆ. ನಾನು ಹಾದಿ ಬಿಟ್ಟು ಹುಲ್ಲಿನಲ್ಲಿ ಬಗ್ಗಿ ನಡೆಯುತ್ತಿದ್ದೆ. ಅಳಿಯ ಹಿಂದಿನಿಂದ ಕೂಗಿದರು.

‘ಮಾಮಾರ, ಏನ್ ಹುಡಕಾಕತ್ತೀರಿ?’

‘ಬಾಂದುಕಲ್ಲು.’

‘ಸಿಕ್ಕತೇನ್ರೀ?’

‘ಇಲ್ಲ. ಬ್ರೆಡ್ ಸುಡೋ ಅಂಗಡಿ ಇದ್ದ ಜಾಗ ಸಿಕ್ಕತಿ.’